ಲಾರಿಯ ಮೇಲಿನ ಅಂಬಾರಿ

ಆ ಗ್ರೀಸಿನಲ್ಲಿ ಮರಳು ಬೆರೆಸಿದವಳು ನಾನು, ಹುಸೇನಣ್ಣ. ನಿಮ್ಮ ಬಲಗೈಯ ಎರಡು ಬೆರಳು ಹೋದದ್ದು ನಿಮ್ಮ ಮೈಮರೆವಿನಿಂದಲ್ಲ — ನನ್ನಿಂದ. ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು. ಬರೆದದ್ದರಲ್ಲೂ ಒಂದು ಹೇಡಿತನ ಉಳಿದೇ ಇದೆ. ನಿಮಗೆ ಓದಲು ಬರುವುದು ಉರ್ದು. ನಾನು ಬರೆಯುತ್ತಿರುವುದು ಕನ್ನಡ.

ಎಡದಂಡೆ ಕಾಲುವೆ ಅಗೆಯುತ್ತಿದ್ದ ಕಾಲ. ನಮ್ಮ ಯಜಮಾನರು ಒಬ್ಬ ಗುತ್ತಿಗೆದಾರರ ಕೈಕೆಳಗೆ ಸೂಪರ್‌ವೈಸರ್, ನೀವು ಅಲ್ಲಿಯ ಫಿಟ್ಟರ್. ಕೆಲಸ ಮುಂದೆ ಸರಿದಂತೆ ನಮ್ಮ ಡೇರೆಯೂ ಸರಿಯುತ್ತಿತ್ತು. ಜವಳಗೇರಾದ ಹತ್ತಿರ ಎರೆಹೊಲದಲ್ಲಿ ಇಳಿದಾಗ ನೆಲವೆಲ್ಲ ಬಿರುಕು ಬಿಟ್ಟಿತ್ತು. ಒಂದು ಬೆಳಗ್ಗೆ ಬಿರುಕಿನಿಂದ ಬಂದ ಹಾವು ನನ್ನ ದಿಂಬಿನ ಕೆಳಗೆ ಸುರುಳಿ ಸುತ್ತಿ ಮಲಗಿತ್ತು. ಚೀರಿದವಳು ನಾನೇ. ಇನ್ನು ಈ ನೆಲದ ಮೇಲೆ ಮಲಗಲಾರೆ ಎಂದು ಅತ್ತವಳೂ ನಾನೇ.

ಇವರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಸಿಂಧನೂರಿನಿಂದ ಒಂದು ಹಳೆಯ ಮಿಲಿಟರಿ ಲಾರಿ ಬಂತು. ಇವರು ಹೇಳಿಕೊಟ್ಟಂತೆ ನೀವು ಅದರ ಬಾಡಿಯ ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಕಂಬ ನಿಲ್ಲಿಸಿದಿರಿ. ಕಂಬದೊಳಗೆ ಜಾಕಿನಂಥ ಉದ್ದನೆಯ ಸ್ಕ್ರೂ, ಸ್ಕ್ರೂಗಳ ಮೇಲೆ ಹಲಗೆಯ ಅಟ್ಟ, ಅಟ್ಟದ ಮೇಲೆ ಕ್ಯಾನ್ವಾಸಿನ ಡೇರೆ. ನಾಲ್ವರು ಆಳುಗಳು ಒಟ್ಟಿಗೆ ಹಿಡಿಕೆ ತಿರುವಿದರೆ ಡೇರೆ ಸಮೇತ ಅಟ್ಟ ಮೇಲೇರುತ್ತಿತ್ತು. ಹೊರಡುವ ದಿನ ತಗ್ಗಿಸಿದರೆ ಹಾದಿಯ ಜಾಲಿಮರಗಳಿಗೆ ಸಿಗದೆ ಸಾಗುತ್ತಿತ್ತು. ಮೊದಲ ಸಲ ನಾನು ಕುಳಿತಿದ್ದಂತೆಯೇ ಅದನ್ನು ಮೇಲೆತ್ತಿದಾಗ ನೀವು ಕೆಳಗಿನಿಂದ, "ಮೈಸೂರಾಗ ರಾಜರಿಗೆ ಅದ, ಇಲ್ಲಿ ನಮ್ಮ ಅಕ್ಕಾರಿಗೆ ಅದ ನೋಡ್ರಿ ಅಂಬಾರಿ" ಅಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇವರ ಮುಖದಲ್ಲಿ ಅಂದು ಇದ್ದ ಹಿಗ್ಗನ್ನು ನಾನು ಮರೆತಿಲ್ಲ. "ಇನ್ನ ನಿನ್ನ ಕಾಲ ನೆಲಕ್ಕ ಹತ್ತೂದ ಬ್ಯಾಡ" ಅಂದರು. ಪ್ರೀತಿಯಿಂದಲೇ ಅಂದರು. ಅದೇ ಕಷ್ಟ — ಪ್ರೀತಿಯಿಂದ ಕಟ್ಟಿಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ?

ಏಣಿ ಒಂದೇ ಇತ್ತು. ಬೆಳಗಾದರೆ ಅದು ಕಾಲುವೆಯ ಕೆಲಸಕ್ಕೆ ಹೋಗುತ್ತಿತ್ತು. ಇದ್ದ ದಿನವೂ, ಅಷ್ಟು ಗಂಡಾಳುಗಳ ಎದುರು ಸೀರೆ ಉಟ್ಟು ಆ ಎತ್ತರದಿಂದ ಹಿಮ್ಮುಖವಾಗಿ ಇಳಿಯುವುದು ನನ್ನಿಂದ ಆಗುತ್ತಿರಲಿಲ್ಲ. ನಸುಕಿನಲ್ಲಿ ಒಮ್ಮೆ ಇಳಿದರೆ ಮತ್ತೆ ಇಳಿಯುವುದು ಹೊತ್ತು ಮುಳುಗಿದ ಮೇಲೆಯೇ. ಮಧ್ಯಾಹ್ನ ನೀರು ಕುಡಿಯುವುದನ್ನೇ ಬಿಟ್ಟೆ — ಯಾಕೆಂದು ಹೆಂಗಸರಿಗೆ ಹೇಳಬೇಕಾಗಿಲ್ಲ. ಕ್ಯಾನ್ವಾಸು ಕಾದು ಎಣ್ಣೆಯ ವಾಸನೆ ಬಿಡುತ್ತಿತ್ತು. ಹೊಲಿಗೆಯ ತೂತುಗಳಿಂದ ಬಿಸಿಲು ಸಣ್ಣ ಚುಕ್ಕಿಗಳಾಗಿ ನನ್ನ ತೊಡೆಯ ಮೇಲೆ ಬೀಳುತ್ತಿತ್ತು, ಸಂಜೆಯ ಹೊತ್ತಿಗೆ ಹೆಗಲಿಗೆ ಹತ್ತುತ್ತಿತ್ತು. ಕಿಟಕಿಯ ಪರದೆ ಸರಿಸಿದರೆ ಮಣ್ಣಿನ ಬುಟ್ಟಿ ಹೊತ್ತ ಹೆಂಗಸರು ಕಾಣುತ್ತಿದ್ದರು. ಒಬ್ಬರಿಗೊಬ್ಬರು ಏನೋ ಅಂದು ನಗುತ್ತ, ಬರಿಗಾಲಲ್ಲಿ ಎತ್ತ ಬೇಕೋ ಅತ್ತ ನಡೆಯುತ್ತಿದ್ದರು. ಅವರ ತಲೆಯ ಮೇಲಿನ ಭಾರ ನನಗೆ ಕಾಣುತ್ತಲೇ ಇರಲಿಲ್ಲ — ಕಾಲು ಮಾತ್ರ ಕಾಣುತ್ತಿತ್ತು.

ಲಿಂಗಸುಗೂರಿನಲ್ಲಿ ಎರಡು ಕೋಣೆಯ ಮನೆಯೊಂದು ಖಾಲಿ ಇತ್ತು. ಅಂಗಳದಲ್ಲಿ ಬೇವಿನ ಮರ. ಒಮ್ಮೆ ಕೇಳಿದೆ. ಇಂಥ ಅನುಕೂಲ ಇರುವಾಗ ಮನೆ ಯಾಕೆ ಎಂದರು. ಇನ್ನೊಮ್ಮೆ ಕೇಳಿದಾಗ ಮುಖ ಸಣ್ಣದು ಮಾಡಿಕೊಂಡು ಕಂಬಗಳಿಗೆ ಬಣ್ಣ ಹಚ್ಚಿಸಿದರು. ಅಟ್ಟ ಏರಿಳಿಯುತ್ತಿರುವವರೆಗೂ ನಾನು ಇಳಿಯುವಂತಿಲ್ಲ ಎಂದು ಅಂದು ತಿಳಿಯಿತು.

ದಸರೆಯ ಖಂಡೇಪೂಜೆಯ ದಿನ ಬಂತು. ಗುದ್ದಲಿ, ಸನಿಕೆ, ಲಾರಿ ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಅಂದು ಯಾರೂ ಆಯುಧ ನಡೆಸುವಂತಿಲ್ಲ. ವರ್ಷವಿಡೀ ಗಂಡಸರ ಕೈಯಲ್ಲಿದ್ದ ಯಂತ್ರ ಅರಿಷಿಣ ಕುಂಕುಮಕ್ಕಾಗಿ ಹೆಂಗಸಿನ ಕೈಗೆ ಬರುವ ದಿನ ಅದೊಂದೇ. ಕಂಬಗಳನ್ನು ಒರೆಸಿದ ಮೇಲೆ ಗ್ರೀಸೂ ನಾನೇ ಹಚ್ಚುವೆನೆಂದೆ. ನೀವು ಡಬ್ಬಿಯನ್ನು ನನ್ನ ಮುಂದೆ ಇಟ್ಟು, "ನಿಮ್ಮ ಕೈಲೇ ಆಗಲಿ ಅಕ್ಕಾರ. ನಾಳಿಗಿ ಹೂವಿನಂಗ ಇಳೀತದ" ಅಂದು ತೆಂಗಿನಕಾಯಿ ತರಲು ಹೋದಿರಿ.

ಹತ್ತಿರದಲ್ಲೇ ಕಾಂಕ್ರೀಟಿನ ಮರಳಿನ ಗುಡ್ಡೆ ಇತ್ತು.

ಮೂರು ಸ್ಕ್ರೂಗಳಿಗೆ ಸರಿಯಾಗಿಯೇ ಹಚ್ಚಿದೆ. ನಾಲ್ಕನೆಯದಕ್ಕೆ, ಒಂದು ಹಿಡಿ ಮರಳು ಕಲಸಿ — ಹಲ್ಲುಹಲ್ಲಿಗೂ ತುಂಬುವಂತೆ, ನಿಧಾನವಾಗಿ. ಬರೇ ಹಿಡಿದುಕೊಳ್ಳಲಿ, ಕೆಟ್ಟಿತೆಂದು ಇವರು ಕೈಬಿಡಲಿ, ಅಷ್ಟೇ ಅಂದುಕೊಂಡೆ. ಆಮೇಲೆ ಅದೇ ಕೈ ತೊಳೆದು ಅದೇ ಕಂಬಕ್ಕೆ ಕುಂಕುಮ ಇಟ್ಟೆ. ಊದಿನಕಡ್ಡಿ ಬೆಳಗಿ ಕೈಮುಗಿದೆ.

ಮರುದಿನ ಬನ್ನಿಹಬ್ಬ. ಸಂಜೆಗೆ ತುರ್ವಿಹಾಳದ ಕಡೆ ಹೊರಡಬೇಕಿತ್ತು. ಇವರ ಇಷ್ಟದಂತೆ ನಾನು ಮೇಲೆಯೇ ಕುಳಿತಿದ್ದೆ. ಮೂರು ಮೂಲೆ ಇಳಿದವು, ಒಂದು ನಿಂತಿತು. ಅಟ್ಟ ವಾಲಿತು, ನನ್ನ ಟ್ರಂಕು ಜಾರಿತು. ನೀವು ತಿರುವುವವರನ್ನು ನಿಲ್ಲಿಸಿ, ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಕಂಬಕ್ಕೂ ಅಟ್ಟಕ್ಕೂ ನಡುವೆ ಕೈ ಹಾಕಿ ಸ್ಕ್ರೂ ಒರೆಸತೊಡಗಿದಿರಿ. ಬೇಡ, ಕೈ ತೆಗೀರಿ — ಅನ್ನಬೇಕಿತ್ತು. ಅಂದರೆ ಯಾಕೆಂದು ಕೇಳುತ್ತಾರಲ್ಲ ಎಂದು — ಅಷ್ಟರಲ್ಲಿ ಸ್ಕ್ರೂ ಬಿಟ್ಟುಕೊಂಡು ಅಟ್ಟ ಧಡಕ್ಕನೆ ಕುಸಿಯಿತು.

ನೀವು ಚೀರಲಿಲ್ಲ. "ಅಕ್ಕಾರ, ಗಟ್ಟಿ ಹಿಡಕೋರಿ" ಅಂದಿರಿ. ಕೈ ಸಿಕ್ಕಿಬಿದ್ದಿದ್ದುದು ನಿಮ್ಮದು.

ಇವರು ಸ್ಕ್ರೂ ಮೇಲಿನ ಗ್ರೀಸನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಡಬ್ಬಿ ತೆರೆದಿಡುವ ಚಾಳಿ ನಿಮಗಿತ್ತು. ಅದಕ್ಕಾಗಿ ಎಲ್ಲರ ಬಾಯಲ್ಲೂ ಅನ್ನಿಸಿಕೊಂಡಿದ್ದಿರಿ.

"ಮುಚ್ಚಳ ಹಾಕು ಅಂತ ಎಷ್ಟ ಸಲ ಹೇಳೀನಿ ನಿನಗ?"

ನೀವು ಕೈಗೆ ಟವೆಲ್ ಸುತ್ತಿಕೊಳ್ಳುತ್ತ, "ತಪ್ಪ ನಂದ ರೀ ಸಾಹೇಬ್ರ" ಅಂದಿರಿ. ನಂಬಿಯೇ ಅಂದಿರಿ.

ಆಗ ಇವರು ನನ್ನ ಕಡೆ ತಿರುಗಿ ನಿನ್ನೆ ಹಚ್ಚುವಾಗ ಮರಳು ಕಾಣಲಿಲ್ಲವೇ ಎಂದು ಕೇಳಿದರು. ನನ್ನ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ.

"ನಾ ನೋಡಿಲ್ರೀ. ಮೊದಲ ಇತ್ತೋ ಏನೋ."

ಸಿಂಧನೂರಿನ ದವಾಖಾನೆಗೆ ಹೊರಡುವ ಮುಂಚೆ ನೀವು ಅಂಗಿಯ ಕಿಸೆಯಿಂದ, ಎಡಗೈಯಲ್ಲಿ, ನಾಲ್ಕು ಬನ್ನಿ ಎಲೆ ತೆಗೆದಿರಿ. ಬೆಳಗ್ಗೆಯೇ ಎಲ್ಲರಿಗೆಂದು ಕಿತ್ತುಕೊಂಡು ಬಂದಿದ್ದಿರಿ. "ಎಡಗೈಲೆ ಕೊಡಾಕತ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ಬಂಗಾರದಂಗ ಇರ್ರಿ." ವರ್ಷದ ಮುನಿಸೆಲ್ಲ ಮುಗಿಸಿ ಕ್ಷಮೆ ಕೇಳುವ ಹಬ್ಬ ಅದು. ನಾನು ಎರಡೂ ಕೈ ಒಡ್ಡಿ ಎಲೆ ಇಸಿದುಕೊಂಡೆ.

ನಿಮ್ಮನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಕಂಬಗಳನ್ನು ಬಿಚ್ಚಿ ಗುಜರಿಗೆ ಹಾಕಿದರು. ಲಿಂಗಸುಗೂರಿನ ಮನೆ ಸಿಕ್ಕಿತು. ಬಾಗಿಲು ನೆಲಮಟ್ಟದಲ್ಲೇ ಇತ್ತು. ಯಾವ ಹೊತ್ತಿಗಾದರೂ ಹೊರಗೆ ಹೋಗಬಹುದಿತ್ತು. ಹೋದೆ ಕೂಡ, ಬೇವಿನ ಮರದವರೆಗೆ. ಅಲ್ಲಿಂದ ಮುಂದೆ ಹೋಗುವ ಮನಸ್ಸು ಯಾಕೋ ಬರುತ್ತಿರಲಿಲ್ಲ.

ನಾನು ಓದಿದ ಕಾನ್ವೆಂಟಿನಲ್ಲಿ ಕ್ರೈಸ್ತ ಹುಡುಗಿಯರು ಶನಿವಾರ ಚರ್ಚಿನ ಮರದ ಪೆಟ್ಟಿಗೆಯೊಳಗೆ ಮಂಡಿಯೂರಿ ತಪ್ಪು ಹೇಳಿಕೊಂಡು, ಮುಖ ತೊಳೆದವರ ಹಾಗೆ ಹೊರಬರುತ್ತಿದ್ದರು. ನಾವು ಉಳಿದವರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆವು. ಆ ಪೆಟ್ಟಿಗೆ ನನಗಿದ್ದಿದ್ದರೆ ಎಂದು ಬಹಳ ದಿನ ಅಂದುಕೊಂಡೆ. ಆದರೆ ಹೇಳಬೇಕಾದದ್ದು ಪಾದ್ರಿಗಲ್ಲ, ಪರದೆಯ ಮರೆಯಲ್ಲೂ ಅಲ್ಲ. ಇವರಿಗೂ ಹೇಳಲಿಲ್ಲ. ತಮ್ಮ ಕೈಯಾರೆ ಇನ್ನೇನನ್ನೂ ಕಟ್ಟದೆ, ತಮ್ಮ ಯಂತ್ರವೇ ಒಬ್ಬನ ಕೈ ತಿಂದಿತೆಂದು ಕೊರಗುತ್ತಲೇ ಹೋಗಿಬಿಟ್ಟರು.

ಕಳೆದ ಬೇಸಿಗೆಯಲ್ಲಿ ಮಸ್ಕಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನಿಮ್ಮ ಸೈಕಲ್ ಅಂಗಡಿ ಕಂಡಿತು. ನೀವೇ ಗುರುತು ಹಿಡಿದಿರಿ. "ಈಗರೆ ನೆಲದ ಮ್ಯಾಲೆ ಅದೀರೇನ್ರಿ ಅಕ್ಕಾರ?" ಎಂದು ನಕ್ಕಿರಿ. ಸ್ಟೂಲ್ ಒರೆಸಿ ಕೂರಿಸಿದಿರಿ. ನಾನು ನಿಮ್ಮ ಕೈ ನೋಡಬಾರದೆಂದು ಗೋಡೆಯ ಹಲಗೆ ನೋಡುತ್ತ ಕುಳಿತೆ. ಹಲಗೆಯ ಮೇಲೆ ಎಣ್ಣೆಯ, ಗ್ರೀಸಿನ, ಸೊಲ್ಯೂಷನ್ನಿನ ಡಬ್ಬಿಗಳು. ಒಂದೊಂದರ ಮುಚ್ಚಳವನ್ನೂ ದಾರದಿಂದ ಡಬ್ಬಿಗೆ ಕಟ್ಟಿದ್ದಿರಿ. ನಾನು ನೋಡುತ್ತಿದ್ದುದನ್ನು ಕಂಡು, "ಒಮ್ಮಿ ತೆರದಿಟ್ಟು ಶ್ಯಾಣ್ಯಾ ಆಗೀನಲ್ರೀ" ಅಂದಿರಿ. ನಾನು ಬಸ್ಸು ಬಂತೆಂದು ಎದ್ದೆ. ಬಸ್ಸು ಬಂದಿರಲಿಲ್ಲ.

ಬನ್ನಿಹಬ್ಬ ಹತ್ತಿರ ಬಂದಿದೆ. ಈ ಸಲ ಮಸ್ಕಿಗೆ ಹೋಗುತ್ತೇನೆ. ಎಲೆ ಒಯ್ಯುವುದಿಲ್ಲ, ನಿಮ್ಮಿಂದ ಇಸಿದುಕೊಳ್ಳುವುದೂ ಇಲ್ಲ. ಈ ಬರಹವನ್ನು ಯಾರ ಕೈಯಲ್ಲೂ ಓದಿಸುವುದಿಲ್ಲ. ಅದೇ ಸ್ಟೂಲಿನ ಪಕ್ಕ ನಿಂತು, ನಿಮ್ಮ ಕೈ ನೋಡುತ್ತಲೇ, ನನ್ನ ಬಾಯಿಂದ ಹೇಳಬೇಕು. ಆಮೇಲೆ ನೀವು ಏನು ಅಂದರೂ ಸರಿ, ಏನೂ ಅನ್ನದಿದ್ದರೂ ಸರಿ.

ಪೂಜೆಯ ದಿನವೆಂದು ನೀವು ಆ ಡಬ್ಬಿಯನ್ನು ತೊಳೆದು ತಂದಿದ್ದಿರಿ, ಹುಸೇನಣ್ಣ. ಅಂದು ಮುಚ್ಚಳ ಭದ್ರವಾಗಿತ್ತು. ತೆಗೆಯಲು ನನಗೆ ಬಹಳ ಹೊತ್ತು ಹಿಡಿಯಿತು.