ಚಿಕ್ಕತಾಯಮ್ಮನವರ ಮೈಕು

ಕೋವಿಡ್ ಕಳೆದ ಮರುವರ್ಷ ನಾನು ಹುಣಸೂರಿನಲ್ಲಿದ್ದುಕೊಂಡು ನಾಲ್ಕು ತಾಲ್ಲೂಕುಗಳ ಸರ್ಕಾರಿ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ಸರ್ವಿಸ್ ಎಂಜಿನಿಯರ್ ಆಗಿದ್ದೆ. ವಾರ್ಷಿಕ ನಿರ್ವಹಣೆಯ ಗುತ್ತಿಗೆ, ಅಂದರೆ ವರ್ಷವಿಡೀ ಏನು ಕೆಟ್ಟರೂ ಹೋಗಿ ಸರಿಮಾಡಬೇಕು. ಬೆಳಿಗ್ಗೆ ಹನಗೋಡಿನಲ್ಲಿ ಪ್ರಿಂಟರ್ ಬಿಚ್ಚಿದರೆ ಸಂಜೆ ಹೊಸ ಅಗ್ರಹಾರದಲ್ಲಿ ಯುಪಿಎಸ್ ಬ್ಯಾಟರಿ. ಇಪ್ಪತ್ತು ವರ್ಷ ದಾಟಿದ ಈ ಕೆಲಸದಲ್ಲಿ ಕೀಬೋರ್ಡಿನೊಳಗೆ ಜಿರಳೆ ಸಂಸಾರ ಹೂಡಿದ್ದನ್ನೂ, ಸಿಪಿಯು ಒಳಗೆ ಇಲಿ ಮರಿ ಹಾಕಿದ್ದನ್ನೂ ಕಂಡಿದ್ದೇನೆ. ಅದಕ್ಕೆಲ್ಲ ಮೂಗು ಮುರಿದವಳಲ್ಲ. ನಿಜವಾಗಿ ಹೇಸಿಗೆ ಹುಟ್ಟಿಸಿದ್ದು ಒಂದು ಮೈಕು. ಅದು ಇದ್ದದ್ದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕರಲ್ಲಿ ಒಂದು ಕಡೆಯ ಕಚೇರಿಯಲ್ಲಿ. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಉಳಿದ ಮೂರು ಕಡೆಯವರು ತಾವು ಸಾಚಾ ಅಂದುಕೊಂಡಾರು.

ಒಂದು ಗುರುವಾರ ಹತ್ತೂವರೆಗೆ ಆ ಕಚೇರಿಯ ಸೂಪರಿಂಟೆಂಡೆಂಟ್ ಫೋನ್ ಮಾಡಿದರು. ವಿಡಿಯೋ ಕಾನ್ಫರೆನ್ಸ್ ಕೋಣೆಯ ಮೈಕು ಕೆಲಸ ಮಾಡುತ್ತಿಲ್ಲವಂತೆ, ಹನ್ನೆರಡಕ್ಕೆ ಒಂದು ವಿಚಾರಣೆ ಇದೆಯಂತೆ, ಬಂದು ನೋಡಿದ ಹಾಗೆ ಮಾಡಿ ಫೈಲಿಗೊಂದು ರಿಪೋರ್ಟ್ ಕೊಟ್ಟು ಹೋಗಬೇಕಂತೆ. ನೋಡಿದ ಹಾಗೆ ಮಾಡಿ ಅನ್ನುವ ಮಾತು ನನ್ನ ಕಿವಿಗೆ ಬಿತ್ತು. ಸರ್ಕಾರಿ ಕಚೇರಿಯಲ್ಲಿ ಇದೇನು ಹೊಸದಲ್ಲ ಎಂದು ಸ್ಕೂಟರ್ ಹತ್ತಿದೆ.

ಕೋಣೆಯಲ್ಲಿ ಸುಮಾರು ಐವತ್ತೈದರ ಹೆಂಗಸೊಬ್ಬರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಹೆಸರು ಚಿಕ್ಕತಾಯಮ್ಮ, ಶಾಲೆಯೊಂದರ ಬಿಸಿಯೂಟದ ಅಡುಗೆಯವರು. ಸಾಂಬಾರಿನಲ್ಲಿ ಹುಳು ಸಿಕ್ಕಿತೆಂದು ಅವರನ್ನು ಕೆಲಸದಿಂದ ನಿಲ್ಲಿಸಿದ್ದರು. ವಿಚಾರಣೆ ಮಾಡುವ ಅಧಿಕಾರಿ ಮೈಸೂರಿನಲ್ಲಿ, ಇವರು ಇಲ್ಲಿ ಪರದೆಯ ಮುಂದೆ. ಎರಡು ವಿಚಾರಣೆ ಆಗಲೇ ಮುಗಿದಿತ್ತು. ಎರಡರಲ್ಲೂ 'ಆಪಾದಿತರು ಉತ್ತರ ನೀಡಲಿಲ್ಲ' ಎಂದು ದಾಖಲಾಗಿತ್ತು. ಇವತ್ತಿನದೇ ಕೊನೆಯದು, ಇವತ್ತೂ ಉತ್ತರ ಬಾರದಿದ್ದರೆ ಕೆಲಸ ಹೋಯಿತು ಅಂತಲೇ ಲೆಕ್ಕ.

"ಎಲ್ಡು ಸತಿನೂ ಯೋಳ್ದೆ ಕಣಮ್ಮ" ಅಂದರು. "ಆ ಸಾಯೇಬ್ರು ಕೇಳ್ತಿಲ್ಲ, ಕೇಳ್ತಿಲ್ಲ ಅಂತಾವ್ರೆ. ಇಲ್ಲಿರೋರು ಯಾರೂ ತುಟಿ ಬಿಚ್ಚಾಕಿಲ್ಲ."

ಮೈಕು ಮೇಜಿನ ಮೇಲೆ ಕತ್ತು ಬಗ್ಗಿಸಿಕೊಂಡು ನಿಂತಿತ್ತು. ಬುಡದಲ್ಲಿ ಹಸಿರು ದೀಪ ಉರಿಯುತ್ತಿತ್ತು, ಅಂದರೆ ಕರೆಂಟು ಬರುತ್ತಿದೆ. ತುದಿಯ ಸ್ಪಂಜಿನ ಟೋಪಿ ಕಿತ್ತು ನೋಡಿದೆ. ಎಷ್ಟು ವರ್ಷದ ಎಲೆ ಅಡಿಕೆಯ ಎಂಜಲೋ, ಯಾರ್ಯಾರ ಬಾಯಿಯ ಕಡ್ಡಿಪುಡಿಯೋ, ಕಂದುಗಟ್ಟಿ ಅಂಟಾಗಿತ್ತು. ಇದೇ ಕಾರಣವಿರಬೇಕೆಂದು ಸ್ಪಂಜನ್ನು ಕಸಕ್ಕೆ ಹಾಕಿ, ಒಳಗಿನ ಜಾಲರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಸೌಂಡ್ ರೆಕಾರ್ಡರ್ ತೆರೆದು ಮಾತಾಡಿಸಿದೆ. ದನಿ ಬಿದ್ದರೆ ಪರದೆಯ ಗೆರೆ ಮೇಲೆ ಕೆಳಗೆ ಕುಣಿಯಬೇಕು. ಕುಣಿಯಲಿಲ್ಲ.

ಯುಎಸ್‌ಬಿ ತಂತಿಯನ್ನು ಬೇರೆ ಕಿಂಡಿಗೆ ಚುಚ್ಚಿದೆ. ಇಲ್ಲ. ನನ್ನ ಚೀಲದ ಹೆಡ್‌ಸೆಟ್ ಹಾಕಿದೆ, ಬೆಳಿಗ್ಗೆಯಷ್ಟೇ ಕಟ್ಟೆಮಳಲವಾಡಿಯಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು. ಅದೂ ಇಲ್ಲ. ಎರಡು ಮೈಕು ಒಟ್ಟಿಗೆ ಕೆಡುವುದುಂಟೆ? ಹಾಗಾದರೆ ದೋಷ ಕಂಪ್ಯೂಟರಿನೊಳಗೇ ಎಂದು ಸೆಟ್ಟಿಂಗ್ಸ್ ಒಂದೊಂದಾಗಿ ತೆರೆಯುತ್ತ ಹೋದೆ. ಪ್ರೈವೆಸಿ ಎಂಬಲ್ಲಿ 'ಮೈಕ್ರೊಫೋನ್ ಆಕ್ಸೆಸ್' ಎಂದು ಒಂದು ಸ್ವಿಚ್ ಇರುತ್ತದೆ. ಅದನ್ನು ಆಫ್ ಮಾಡಿದರೆ ಯಾವ ಮೈಕು ಸಿಕ್ಕಿಸಿದರೂ ದನಿ ಒಳಕ್ಕೆ ಹೋಗದು, ದೀಪ ಮಾತ್ರ ಉರಿಯುತ್ತಿರುತ್ತದೆ. ಆ ಸ್ವಿಚ್ ಆಫ್ ಆಗಿತ್ತು.

ಅದನ್ನು ಆಫ್ ಮಾಡಿದ್ದವಳು ನಾನೇ. ಐದಾರು ತಿಂಗಳ ಹಿಂದೆ ಜಿಲ್ಲೆಯ ಸಭೆ ಪರದೆಯ ಮೇಲೆ ನಡೆಯುತ್ತಿದ್ದಾಗ ಈ ಕೋಣೆಯಲ್ಲಿ ದೊಡ್ಡ ಸಾಹೇಬರನ್ನು ಯಾರೋ ಬೈದದ್ದು ಮೈಕಿನಲ್ಲಿ ಮೈಸೂರಿಗೆ ಮುಟ್ಟಿ, ಕಚೇರಿಗೆ ಮೆಮೊ ಬಂದಿತ್ತು. ಆಗ ಸೂಪರಿಂಟೆಂಡೆಂಟ್ ನನ್ನನ್ನು ಕರೆಸಿ, ಇಲ್ಲಿಯ ಮಾತು ಅಲ್ಲಿಗೆ ಹೋಗದ ಹಾಗೆ ಒಂದು ವ್ಯವಸ್ಥೆ ಮಾಡಿಕೊಡಿ ಅಂದಿದ್ದರು. ಎರಡು ನಿಮಿಷದ ಕೆಲಸ. ಮಾಡಿ, ಅವರು ತರಿಸಿದ ಕಾಫಿ ಕುಡಿದು, ಮರೆತುಬಿಟ್ಟಿದ್ದೆ. ತಾವು ಮಾತಾಡಬೇಕಾದಾಗ ಕಚೇರಿಯವರೆಲ್ಲ ಮೊಬೈಲಿನಿಂದ ಸಭೆಗೆ ಸೇರುತ್ತಿದ್ದರು. ಈ ವಿಷಯ ಅಲ್ಲಿಯ ಸಿಬ್ಬಂದಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಈ ಹೆಂಗಸನ್ನು ಎರಡು ಸಲ ಸತ್ತ ಮೈಕಿನ ಮುಂದೆ ಕೂರಿಸಿ, ಒಬ್ಬರೂ ಒಂದು ಮೊಬೈಲ್ ಅವರ ಮುಂದೆ ಹಿಡಿದಿರಲಿಲ್ಲ. ಕೈಗೆ ಹತ್ತಿದ ಎಂಜಲು ಸೋಪು ಹಾಕಿದರೆ ಹೋಗುತ್ತದೆ. ಆ ಕಾಫಿ ನೆನೆದರೆ ನನಗೆ ಈಗಲೂ ವಾಕರಿಕೆ ಬರುತ್ತದೆ.

ಸ್ವಿಚ್ ಆನ್ ಮಾಡಿದೆ. ಗೆರೆ ಕುಣಿಯಿತು. ಸೂಪರಿಂಟೆಂಡೆಂಟ್ ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

"ಏನೂ ಕೆಟ್ಟಿರಲಿಲ್ಲ ಅಲ್ವಾ ಮೇಡಂ? ನೋ ಫಾಲ್ಟ್ ಫೌಂಡ್ ಅಂತ ಬರೆದುಬಿಡಿ. ಸುಳ್ಳೇನೂ ಅಲ್ವಲ್ಲ."

ನಮ್ಮ ವೃತ್ತಿಯಲ್ಲಿ ಅದಕ್ಕೆ ಉಪಕರಣದಲ್ಲಿ ದೋಷ ಕಂಡುಬಂದಿಲ್ಲ ಎಂದರ್ಥ. ಸುಳ್ಳಲ್ಲ, ನಿಜವೇ. ಆದರೆ ಮೈಕು ಸರಿಯಿತ್ತು ಎಂದಾದರೆ ಎರಡು ಸಲವೂ ಚಿಕ್ಕತಾಯಮ್ಮ ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದರು ಎಂದಾಯಿತು. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ಆ ಪಿಳ್ಳೆ ನೆವವನ್ನು ನನ್ನ ಸಹಿ ಹಾಕಿ ಕೊಡಬೇಕಿತ್ತು. ನಡೆದದ್ದನ್ನು ಬರೆದರೆ ಗುತ್ತಿಗೆ ಹೋಗುತ್ತದೆ ಎಂಬ ಅಂಜಿಕೆ ನನಗೂ ಇತ್ತು. ರಿಪೋರ್ಟಿನ ಪುಸ್ತಕ ತೆರೆದು ತಾರೀಖಷ್ಟೇ ಬರೆದು ಕೂತೆ.

ಹನ್ನೆರಡಕ್ಕೆ ಪರದೆಯ ಮೇಲೆ ಅಧಿಕಾರಿ ಬಂದರು. ಚಿಕ್ಕತಾಯಮ್ಮ ಎದ್ದು ನಿಂತೇ ಹೇಳಿದರು.

"ಉಳ ಮೂಟೆಲೇ ಇತ್ತು ಸ್ವಾಮಿ. ಬೇಳೆನ ಮೊರಕ್ಕೆ ಆಕ್ಕಂಡು ಎಡ್ ಮಾಷ್ಟ್ರಿಗೆ ತೋರುಸ್ದೆ. ಜಾಲಿಸಿ ಬೇಯ್ಸು ಅಂದ್ರು. ಬೇಯ್ಸ್ದೆ. ಅಷ್ಟೇ ನಾ ಮಾಡಿದ್ ತೆಪ್ಪು."

ಈ ಸಲ ಪ್ರತಿ ಅಕ್ಷರವೂ ಮುಟ್ಟಿತು. ಅಧಿಕಾರಿಯ ಮುಖ ಗಂಟಾಯಿತು. "ದಾಖಲೆಯಲ್ಲಿ ಎರಡು ಸಲ ಉತ್ತರವೇ ಇಲ್ಲ, ಈಗ ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದೀರೋ ಹೇಗೆ?" ಎಂದು ಕೇಳಿದರು.

ಚಿಕ್ಕತಾಯಮ್ಮ ತಿರುಗಿ ಸೂಪರಿಂಟೆಂಡೆಂಟರ ಮುಖ ನೋಡಿದರು. ಅವರು ಫೈಲ್ ನೋಡಿದರು. ನನಗೆ ಇನ್ನು ತಡೆಯಲಾಗಲಿಲ್ಲ. ಎದ್ದು ಮೈಕಿನ ಬಳಿ ಬಂದೆ.

"ಸರ್, ಇವರು ಸುಮ್ಮನಿರಲಿಲ್ಲ. ಮೈಕು ಬಂದ್ ಆಗಿತ್ತು. ಬಂದ್ ಮಾಡಿದ್ದು ನಾನು, ಈ ಕಚೇರಿಯವರು ಹೇಳಿದ್ದಕ್ಕೆ."

ಅಧಿಕಾರಿ ಅದನ್ನೇ ಬರವಣಿಗೆಯಲ್ಲಿ ಕಳಿಸುವಂತೆ ಹೇಳಿದರು. ಯಾರು ಹೇಳಿದರು, ಯಾಕೆ ಹೇಳಿದರು, ನಾನು ಏನು ಮಾಡಿದೆ, ಎಲ್ಲವನ್ನೂ ಅಲ್ಲೇ ಕೂತು ಬರೆದೆ. ಸೂಪರಿಂಟೆಂಡೆಂಟ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹಳೆಯ ಎರಡು ದಾಖಲೆ ರದ್ದಾದವು, ಬೇಳೆಯ ಮೂಟೆಯ ಬಗ್ಗೆ ಬೇರೆ ವಿಚಾರಣೆ ಶುರುವಾಯಿತು. ಎರಡು ತಿಂಗಳಿಗೆ ಚಿಕ್ಕತಾಯಮ್ಮ ಮತ್ತೆ ಒಲೆಯ ಮುಂದೆ ನಿಂತರೆಂದು ತಿಳಿಯಿತು. ಮರುವರ್ಷ ಆ ಕಚೇರಿಯ ಗುತ್ತಿಗೆ ನನಗೆ ಸಿಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ, ಅದಕ್ಕೆ ನನಗೆ ಬೇಸರವಿಲ್ಲ. ಅಂದಿನಿಂದ ಬಾಯಿಮಾತಿನ 'ವ್ಯವಸ್ಥೆ' ಯಾರಿಗೂ ಮಾಡಿಕೊಡುವುದಿಲ್ಲ. ಮೈಕು ಪರೀಕ್ಷಿಸುವಾಗ ಗೆರೆ ಕುಣಿದ ಮಾತ್ರಕ್ಕೆ ನಂಬುವುದೂ ಇಲ್ಲ. ಮಾತಾಡಬೇಕಾದವರನ್ನೇ ಕೂರಿಸಿ ಮಾತಾಡಿಸುತ್ತೇನೆ, ಆ ಕಡೆಯವರಿಂದ ಕೇಳಿದ್ದನ್ನು ತಿರುಗಿ ಹೇಳಿಸುತ್ತೇನೆ, ಆಮೇಲೆ ಸಹಿ. ಕೆಲಸ ಕಲಿಸಿದ ಪಾಠ ಇಷ್ಟು.

ಇಷ್ಟಕ್ಕೆ ಮುಗಿಯಿತು ಅನ್ನುವ ಹಾಗಿಲ್ಲ. ಅಂದು ವಿಚಾರಣೆ ಮುಗಿಸಿ ಹೊರಗೆ ಬಂದಾಗ ಚಿಕ್ಕತಾಯಮ್ಮ ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಮೆಟ್ಟಿಲ ಮೇಲೆ ನಿಂತು ಒಂದೇ ಮಾತು ಕೇಳಿದರು.

"ಮಾತು ಕೇಳ್ಸಿಲ್ಲ, ಓಗ್ಲಿ ಬುಡವ್ವ. ಎಲ್ಡ್ನೇ ಸತಿ ನಾ ಅತ್ಕಂಡು ಕೈ ಮುಗ್ದೆನಲ್ಲ, ಅದು ಅವ್ರಿಗೆ ಕಾಣ್ಸಿತ್ತಾ?"

ಕ್ಯಾಮೆರಾ ಒಂದು ದಿನವೂ ಕೆಟ್ಟಿರಲಿಲ್ಲ. ಕಾಣಿಸಿತ್ತು ಅಂದೆ.