ನಿಂಬೆಮನೆಯ ಎರ್ಮೆಲಿಂದ

ಎರ್ಮೆಲಿಂದ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಇಗರ್ಜಿಯಲ್ಲಿ ಬಲಿಪೂಜೆಯ ನಡುವೆ ಎದ್ದು ಹೋಗುತ್ತಿದ್ದಳು. ನೆಂಟರ ಮನೆಯಲ್ಲಿ ಊಟಕ್ಕೆ ಕೂತರೆ ಮೀನು ಬಡಿಸುವ ಮೊದಲೇ ಬಾಗಿಲಲ್ಲಿರುತ್ತಿದ್ದಳು. ಅಷ್ಟೇಕೆ, ತನ್ನ ಮದುವೆಯ ದಿನ ಪಾದ್ರಿ ಇನ್ನೂ ಬಾಯಿ ಮುಚ್ಚಿರಲಿಲ್ಲ, "ಗಾಳಿ ತಿರುಗ್ತು, ಗಾಜು ಮುಚ್ಚಬೇಕು" ಎಂದು ಲಂಗ ಎತ್ತಿಕೊಂಡು ಗುಡ್ಡ ಹತ್ತಿದ ಹೆಣ್ಣು ಇವಳು. ಬೆಳಗಿನ ಹೊತ್ತು ಉತ್ತರದಿಂದ ಎದ್ದು ಇಟಲಿಯ ಗಾರ್ದಾ ಸರೋವರವನ್ನೆಲ್ಲ ಕೆದರಿಹಾಕುವ ಗಾಳಿಗೆ ಪೆಲೇರ್ ಎನ್ನುತ್ತಾರಲ್ಲ, ಗಾರ್ನ್ಯಾನೊ ಊರಿನವರು ಇವಳಿಗೂ ಅದೇ ಹೆಸರಿಟ್ಟಿದ್ದರು. "ಪೆಲೇರ್ ಬಂತು, ಟೊಪ್ಪಿ ಹಿಡ್ಕೊಳ್ರಪ್ಪಾ" ಎಂದು ದೋಣಿಕಟ್ಟೆಯ ಗಂಡಸರು ನಗುತ್ತಿದ್ದರು. ನಗಲಿ ಬಿಡಿ. ಅವರ ಯಾರ ತಲೆಯ ಮೇಲೂ ನಿಂಬೆಮನೆಯ ಭಾರ ಇರಲಿಲ್ಲ.

ನಿಂಬೆಮನೆ ಅವಳದ್ದಲ್ಲ, ಬ್ರೆಶಾ ಪಟ್ಟಣದ ವಕೀಲ ಬೆಲ್ಲಿಂಗೇರಿಯದ್ದು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಎಬ್ಬಿಸಿದ ಎತ್ತರದ ಕಲ್ಲುಕಂಬಗಳು. ಒಳಗಿನ ನಿಂಬೆಗಿಡ ಚಳಿಗೆ ಸಾಯದಂತೆ ಚಳಿಗಾಲಕ್ಕೆ ಅವುಗಳ ನಡುವೆ ಹಲಗೆ ಮತ್ತು ಗಾಜು, ಬೇಸಗೆಗೆ ಎಲ್ಲವನ್ನೂ ಬಿಚ್ಚಿ ಬಟ್ಟಬಯಲು. ಹಿಂದೆ ದಂಡೆಯುದ್ದಕ್ಕೂ ಇಂಥವೇ ಇದ್ದವು. ಈಗ ಹೆಚ್ಚಿನ ಕಡೆ ಬರೀ ಕಂಬಗಳು ಉಳಿದಿವೆ, ಜರ್ಮನಿಯಿಂದ ಬರುವ ಪ್ರವಾಸಿಗರು ಅವನ್ನು ಯಾವುದೋ ಹಳೆಯ ಗುಡಿ ಎಂದುಕೊಂಡು ಫೋಟೊ ಹೊಡೆಯುತ್ತಾರೆ. ಈ ಒಂದರಲ್ಲಿ ಮಾತ್ರ ಎರ್ಮೆಲಿಂದಳ ಅಪ್ಪ ಕಸಿ ಕಟ್ಟಿದ ಗಿಡಗಳು ಇನ್ನೂ ಕಾಯಿ ಬಿಡುತ್ತಿದ್ದವು.

ಆ ವರ್ಷ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ವಕೀಲ ಬಂದು ಕಂಬಕ್ಕೆ ಒರಗಿ ನಿಂತ. "ನೋಡು ಎರ್ಮೆಲಿಂದ, ಗಿಡ ಇರೋ ತನಕ ನಿಂಬೆಮನೆ ನಿಂದು. ಚಳಿಗೆ ಸತ್ವೋ, ಹೊಸ ಗಿಡ ನಡೋ ಉಸಾಬರಿ ನಂಗೆ ಬೇಡ. ಹೋಟೆಲಿನವ್ರು ಇಲ್ಲಿ ಈಜುಕೊಳ ಮಾಡ್ತೀವಿ ಅಂತ ಬೆನ್ನು ಹತ್ತಿದಾರೆ."

"ಕೆಳಗೆ ಇಷ್ಟು ದೊಡ್ಡ ಸರೋವರ ಇಟ್ಕೊಂಡು ಮೇಲೊಂದು ಈಜುಕೊಳ! ಯಾವ ಪುಣ್ಯಾತ್ಮನ ತಲೆಗೆ ಹೊಳೀತು ಸ್ವಾಮಿ ಇದು?" ಎಂದಳು. ಬಾಯಿ ಏನೋ ಜೋರಾಗಿತ್ತು. ಎದೆ ಮಾತ್ರ ಧಸಕ್ಕೆಂದಿತ್ತು. ಅಂದಿನಿಂದ ಅವಳ ಓಡಾಟ ಎರಡರಷ್ಟಾಯಿತು.

ಚಳಿಗಾಲದಲ್ಲಿ ನಿಂಬೆಮನೆಯ ನ್ಯಾಯಾಧೀಶ ಒಂದು ಮಣ್ಣಿನ ಬಟ್ಟಲು. ಅದರಲ್ಲಿ ನೀರು ತುಂಬಿ ಗಿಡಗಳ ಬುಡದಲ್ಲಿ ಇಡುವುದು. ನೀರಿನ ಮೇಲೆ ಕೆನೆಯ ಹಾಗೆ ಮಂಜು ಪೊರೆ ಕಟ್ಟಿದರೆ ಒಳಗೆ ಬೆಂಕಿ ಹಾಕಬೇಕು. ಕಟ್ಟದಿದ್ದರೆ ಹಾಕಬಾರದು, ಸುಮ್ಮನೆ ಹೊಗೆ ಕುಡಿಸಿದರೆ ಎಲೆ ಸೊರಗುತ್ತದೆ. ಅವಳ ಅಪ್ಪ ಹೀಗೇ ಮಾಡಿದ, ಅವನಪ್ಪನೂ ಹೀಗೇ ಮಾಡಿದ. ವಕೀಲ ಒಂದು ಥರ್ಮಾಮೀಟರ್ ತಂದುಕೊಟ್ಟಿದ್ದ. ಎರ್ಮೆಲಿಂದ ಅದನ್ನು ಕೋಳಿಗೂಡಿಗೆ ನೇತುಹಾಕಿದ್ದಳು. ನಂಬಿಕೆಯೇನಿದ್ದರೂ ಬಟ್ಟಲಿನ ಮೇಲೆ. ಹಾಸಿಗೆಗೆ ಬೆನ್ನು ತಾಗಿಸುವುದು, ಎದ್ದು ಹೋಗಿ ನೋಡುವುದು, ಮತ್ತೆ ಮಲಗುವುದು, ಮತ್ತೆ ಏಳುವುದು. ಚಳಿಗಾಲವಿಡೀ ಇದೇ ಪಾಡು.

ಇದನ್ನು ನೋಡಿ ನೋಡಿ ಅವಳ ಗಂಡ ಬೋರ್ತೊಲೊನ ಕರುಳು ಚುರುಕ್ ಎನ್ನುತ್ತಿತ್ತು. ಅವನು ದೋಣಿಕಟ್ಟೆಯಲ್ಲಿ ಪ್ರವಾಸಿಗರ ಪೆಟ್ಟಿಗೆ ಹೊರುವವನು, ಭಾನುವಾರ ಇಗರ್ಜಿಯಲ್ಲಿ ಹಾಡುವವನು, ಆಕಾಶ ತಲೆಮೇಲೆ ಬಿದ್ದರೂ ಮುದ್ದೆ ಆರಿತೆಂದು ಊಟಕ್ಕೆ ಕೂರುವ ಆಸಾಮಿ. ಸುಳ್ಳೆಂದರೆ ಅವನಿಗಾಗದು. ಹೋಟೆಲಿನವರು "ನಾಳೆ ಬಿಸಿಲು ಬರುತ್ತೆ ಅಂತ ಹೇಳೋ" ಎಂದು ಕಣ್ಣು ಮಿಟುಕಿಸಿದರೆ, "ವಾರವಿಡೀ ಮಳೆಯೇ" ಎಂದು ಹೇಳಿ ಬಂದವರನ್ನು ಅದೇ ಹಡಗಿಗೆ ವಾಪಸು ಹತ್ತಿಸಿದ ಮಹಾನುಭಾವ.

ಫೆಬ್ರವರಿಯಲ್ಲಿ ಎಂದೂ ಕಾಣದ ಚಳಿ ಬಿತ್ತು. ಕಟ್ಟೆಯ ಹಗ್ಗಗಳೆಲ್ಲ ಸೆಟೆದು ಕೋಲಾದವು. ನಿದ್ದೆಗೆಟ್ಟು ಓಡಾಡುತ್ತಿದ್ದ ಎರ್ಮೆಲಿಂದ ಒಂದು ಸಂಜೆ ಮಂಜುಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳು. ಬೋರ್ತೊಲೊ ಅವಳನ್ನು ಎತ್ತಿ ತಂದು ಒಲೆಯ ಮುಂದೆ ಕೂರಿಸಿದ.

"ಇವತ್ತೊಂದು ರಾತ್ರಿ ನಾನು ನೋಡ್ಕೋತೀನಿ, ನೀನು ಮಲ್ಕೋ ಮಾರಾಯ್ತಿ."

"ಪೊರೆ ಕಟ್ಟಿದ ತಕ್ಷಣ ಬೆಂಕಿ. ಗೊತ್ತಾಯ್ತಾ? ಒಂದು ಗಳಿಗೆ ತಡ ಆಗ್ಬಾರ್ದು."

"ಗೊತ್ತು ಕಣೇ. ನಿನ್ನ ಕೈಲಿ ಇಷ್ಟು ವರ್ಷ ಬೈಸ್ಕೊಂಡೋನಿಗೆ ಗೊತ್ತಿರಲ್ವಾ?"

ಪಾಪ, ಅವನು ಮೋಸ ಮಾಡಲಿಲ್ಲ. ಹೋಗಿ ಹೋಗಿ ನೋಡಿದ. ಪ್ರತಿ ಸಲವೂ ಬಟ್ಟಲಲ್ಲಿ ನೀರು ನೀರಾಗಿಯೇ ಇತ್ತು. ಬೆಂಕಿ ಹಾಕಲಿಲ್ಲ.

ಬೆಳಗ್ಗೆ ಎರ್ಮೆಲಿಂದ ಕುಂಟುತ್ತ ಬಂದು ಬಾಗಿಲು ತೆಗೆದಳು. ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ಜೋತುಬಿದ್ದಿದ್ದವು. ಕಾಯಿಗಳನ್ನು ಮುಟ್ಟಿದರೆ ಕಲ್ಲು. ಬಟ್ಟಲಿನ ಹತ್ತಿರ ಓಡಿದಳು. ತಿಳಿನೀರು! ಅಪ್ಪನ ಬಟ್ಟಲು ಸುಳ್ಳು ಹೇಳಿತೇ? ಬೆರಳದ್ದಿ ನಾಲಿಗೆಗೆ ಇಟ್ಟಳು. ಉಪ್ಪು.

ಬೋರ್ತೊಲೊ ಬಾಗಿಲಲ್ಲಿ ನಿಂತಿದ್ದ.

"ಏನು ಹಾಕಿದ್ದೆ ಇದಕ್ಕೆ?"

"ಸಂತ ಅಂತೋನಿ ಹಬ್ಬದಲ್ಲಿ ಪಾದ್ರಿ ಮಂತ್ರಿಸಿ ಕೊಟ್ಟ ಉಪ್ಪು... ದನಕ್ಕೆ, ಕೋಳಿಗೆ ಹಾಕಿ ಮಿಕ್ಕಿತ್ತು. ಗಿಡಕ್ಕೂ ಕಾವಲಾಗ್ಲಿ, ನಿಂಗೂ ಒಂದು ನಿದ್ದೆ ಸಿಗ್ಲಿ ಅಂತ..."

"ಅಯ್ಯೋ ಮುಠ್ಠಾಳ! ಉಪ್ಪು ನೀರು ಹೆಪ್ಪುಗಟ್ಟುತ್ತೇನೋ? ಸಂತ ಅಂತೋನಿ ಹಂದಿ ಕಾಯೋನು, ಅವನಿಗೂ ನಿಂಬೆಗೂ ಏನೋ ಸಂಬಂಧ?"

ಉಪ್ಪು ಹಾಕಿದರೆ ನೀರು ಬೇಗ ಹೆಪ್ಪುಗಟ್ಟದು ಎಂಬುದು ಅವನಿಗೂ ಗೊತ್ತಿರಬೇಕು. ಆದರೆ ಮಂತ್ರಿಸಿದ ಉಪ್ಪು ಅವನ ಲೆಕ್ಕದಲ್ಲಿ ಉಪ್ಪೇ ಅಲ್ಲ. ಎರ್ಮೆಲಿಂದ ಬಟ್ಟಲನ್ನೆತ್ತಿ ಕಂಬಕ್ಕೆ ಅಪ್ಪಳಿಸಿ, ಅಲ್ಲೇ ಕುಸಿದು, ಅಪ್ಪ ಸತ್ತಾಗಲೂ ಅಳದಷ್ಟು ಅತ್ತಳು. ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟಳು. ಅವನ ಮುಂದೆ ತಟ್ಟೆ ಕುಕ್ಕುವಳು, ಹೋಗುವಳು.

ಆಮೇಲಿನ ತಿಂಗಳುಗಳಲ್ಲಿ ಅವಳ ಚಡಪಡಿಕೆ ಹೇಳತೀರದು. ದಿನವೂ ಚಾಕು ಹಿಡಿದು ಕಾಂಡಗಳ ಸಿಪ್ಪೆ ಕೆರೆದು ನೋಡುವಳು: ಒಳಗೆ ಹಸಿರಿದೆಯೇ? ಕಂದು. ಮೇಲೆ ಕೆರೆದರೆ ಕಂದು, ಕೆಳಗೆ ಕೆರೆದರೂ ಕಂದು. ನಿಂಬೆಮನೆಗೆ ತಾಗಿದ ಅವರ ಅಡಿಗೆಮನೆಯ ಗೋಡೆಗೆ ಅಂಟಿಕೊಂಡಿದ್ದ ಒಂದು ನಿಂಬೆಗಿಡ ಮಾತ್ರ, ಹೊಗೆಗೂಡಿನ ಬಿಸಿಗೆ ಇರಬೇಕು, ಜೀವ ಹಿಡಿದಿತ್ತು. ದೂರದಲ್ಲಿ ಬೋರ್ತೊಲೊ ಟೊಪ್ಪಿ ತಿರುವುತ್ತ ನಿಂತಿರುತ್ತಿದ್ದ. ಹತ್ತಿರ ಬರುವ ಧೈರ್ಯವಿರಲಿಲ್ಲ.

ಮೇ ತಿಂಗಳಲ್ಲಿ ಬುಡಗಳಿಂದ ಚಿಗುರು ಒಡೆಯಿತು. ಎರ್ಮೆಲಿಂದ ಮೊಣಕಾಲೂರಿ ಒಂದು ಎಲೆ ಹಿಸುಕಿ ಮೂಸಿದಳು, ಮುಖ ಸಪ್ಪಗಾಯಿತು. ಚಿಗುರು ಬಂದದ್ದು ಕಸಿಗಂಟಿನ ಕೆಳಗೆ. ನಿಂಬೆ ಸತ್ತಿತ್ತು, ಅಪ್ಪ ನಿಂಬೆಯನ್ನು ಯಾವುದರ ಮೇಲೆ ಕಸಿ ಕಟ್ಟಿದ್ದನೋ ಆ ಕಾಡು ಕಹಿಕಿತ್ತಳೆ ಬದುಕಿತ್ತು.

ಅದೇ ವಾರ ವಕೀಲ ಬಂದ. ಬೋರ್ತೊಲೊ ಎಂದಿನಂತೆ ದೂರದಲ್ಲಿ ನಿಂತಿದ್ದ. ಸಾಲುದ್ದಕ್ಕೂ ನಡೆದು ಚಿಗುರುಗಳನ್ನು ಕೋಲಿನಿಂದ ಮುಟ್ಟಿ ಮುಟ್ಟಿ ನೋಡಿದ.

"ಎಲ್ಲಾ ಹೋಯ್ತು ಅಂತ ಹೋಟೆಲಿನವ್ರು ಕುಣೀತಿದ್ರು. ಬದುಕಿದಾವಲ್ಲೇ! ಇವು ನಿಂಬೆ ತಾನೆ?"

ಎರ್ಮೆಲಿಂದ ಬಾಯಿ ತೆರೆದಳು. ವಕೀಲ ಕೈಯೆತ್ತಿ ತಡೆದ. "ನೀನು ಬೇಡ. ನೀನು ಈ ಕಲ್ಲುಕಂಬಾನೂ ನಿಂಬೆ ಅಂತೀಯ. ಬೋರ್ತೊಲೊ, ನೀನು ಹೇಳು. ನೀನು ಹೌದು ಅಂದ್ರೆ ಆ ಈಜುಕೊಳದವ್ರನ್ನ ಇವತ್ತೇ ವಾಪಸ್ ಕಳಿಸ್ತೀನಿ."

ಬೋರ್ತೊಲೊನ ಕಿವಿ ಕೆಂಪಾಯಿತು. ಟೊಪ್ಪಿಯನ್ನು ಬಟ್ಟೆ ಹಿಂಡುವ ಹಾಗೆ ಹಿಂಡಿದ. ಅವನು ಹೆಂಡತಿಯ ಕಡೆ ನೋಡಲಿಲ್ಲ.

"ನಿಂಬೆ, ವಕೀಲ್ರೇ."

"ನಿಜ ತಾನೆ?"

"ನಿಂಬೆನೇ."

ವಕೀಲ ಖುಷಿಯಾಗಿ ಅವನ ಬೆನ್ನು ತಟ್ಟಿ, ಊಟಕ್ಕೆಂದು ಕೆಳಗಿಳಿದು ಹೋದ. ಬೋರ್ತೊಲೊ ಸುಕ್ಕಾದ ಟೊಪ್ಪಿಯನ್ನು ತಲೆಗಿಟ್ಟು ಅವನ ಹಿಂದೆಯೇ ಮೆಟ್ಟಿಲಿಗೆ ಕಾಲಿಟ್ಟ.

"ಎಲ್ಲಿಗೆ?" ಎಂದಳು ಎರ್ಮೆಲಿಂದ. ಫೆಬ್ರವರಿಯಿಂದೀಚೆಗೆ ಅವನಿಗೆ ಹೇಳಿದ ಮೊದಲ ಮಾತು.

"ಪಾದ್ರಿ ಹತ್ರ." "ಸುಳ್ಳು ಹೇಳ್ಬಿಟ್ಟೆ ಕಣೇ. ಎರಡು ಸಲ ಹೇಳ್ದೆ."

 ಎರ್ಮೆಲಿಂದ ಅಡಿಗೆಮನೆಯ ಗೋಡೆಯ ಗಿಡದಿಂದ ಒಂದು ಕಡ್ಡಿ ಕೊಯ್ದು ತಂದಳು. ಕಹಿಕಿತ್ತಳೆಯ ಬುಡದ ಮುಂದೆ ಕೂತು ಚಾಕುವನ್ನು ಲಂಗದಂಚಿಗೆ ಒರೆಸಿಕೊಂಡಳು. ಗಂಡನ ಕಡೆ ಕಸಿ ಕಟ್ಟುವ ನಾರಿನ ಎಳೆ ಚಾಚಿದಳು.

"ಪಾದ್ರಿ ಎಲ್ಲೂ ಓಡಿಹೋಗಲ್ಲ. ಇಲ್ಲಿ ಬಾ, ಇದನ್ನ ಹಿಡಿ. ಮೊದ್ಲು ನೀನು ಹೇಳಿದ್ದನ್ನ ನಿಜ ಮಾಡೋಣ. ಆಮೇಲೆ ಎಷ್ಟು ಪಾಪ ಉಳಿಯುತ್ತೋ ಅಷ್ಟನ್ನ ಹೋಗಿ ಹೇಳುವಿಯಂತೆ."

ಬೋರ್ತೊಲೊ ಅವಳ ಪಕ್ಕದಲ್ಲಿ ಮೊಣಕಾಲೂರಿ ನಾರು ಹಿಡಿದ.