ಡ್ರಮ್ಮಿನ ಒಳಗೆ ಬಳಿದ ಬೆಳ್ಳಿ ಬಣ್ಣ

ಇದನ್ನು ಬರೆಯುವುದನ್ನು ಬಹಳ ವರ್ಷ ಮುಂದೂಡಿದ್ದೇನೆ. ಉಪ್ಪ, ನನ್ನ ತಂದೆ, ಬದುಕಿದ್ದಾಗ ಹೆದರಿಕೆ ಇತ್ತು. ಅವರು ಹೋದ ಮೇಲೆ ಹೆದರಿಕೆ ಇರಲಿಲ್ಲ, ಆದರೂ ಹೇಳಲಿಲ್ಲ.

ಕಳೆದ ವಾರ ತೋಡಾರಿನ ನಮ್ಮ ಅಂಗಳದಲ್ಲಿ ಮೊಮ್ಮಗ ತನ್ನ ಕಾರಿನ ಚಕ್ರ ಬಿಚ್ಚಿ ಬ್ರೇಕ್ ಕ್ಯಾಲಿಪರಿಗೆ ಕೆಂಪು ಬಣ್ಣ ಬಳಿಯುತ್ತಿದ್ದ. ದುಬೈಯಿಂದ ರಜೆಗೆ ಬಂದವನು. ಪಕ್ಕದ ಹೊಳೆಯುವ ಡಿಸ್ಕಿಗೆ ಹಳೆಯ ಪೇಪರು ಸುತ್ತಿ ಟೇಪು ಅಂಟಿಸಿದ್ದ.

“ಅದಕ್ಕೆ ಎಂತಕ್ಕೆ ಅಂಗಿ ಹಾಕಿದ್ದು?” ಎಂದು ಕೇಳಿದೆ.

“ಅಲ್ಲಿಗೆ ಬಣ್ಣ ತಾಗಿದ್ರೆ ಬ್ರೇಕ್ ಸರಿ ಹಿಡಿಯುವುದಿಲ್ಲ ಉಪ್ಪಾಪ. ನಿಮಗೆ ಅದೆಲ್ಲ ಗೊತ್ತಾಗ್ಲಿಕ್ಕಿಲ್ಲ,” ಎಂದು ನಕ್ಕ.

ನನಗೆ ಗೊತ್ತಿತ್ತು. ಐದನೆಯ ಕ್ಲಾಸಿನಲ್ಲಿದ್ದಾಗಲೇ ಗೊತ್ತಿತ್ತು.

ಆಗೆಲ್ಲ ಸ್ವಂತ ಕಾರು ಇದ್ದವರು ಕಡಿಮೆ. ಮದುವೆಗೆ ಬಾಡಿಗೆ ಕಾರೇ ಆಗಬೇಕು. ಉಪ್ಪನದ್ದೊಂದು ಅಂಬಾಸಿಡರ್ ಮೂಡುಬಿದಿರೆಯ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿತ್ತು. ಅದನ್ನು ಓಡಿಸುವವರನ್ನು ಉಪ್ಪ ‘ಡ್ರೈವರೇ’ ಎಂದರೆ ನಾವು ಮಕ್ಕಳು ‘ಡ್ರೈವರಣ್ಣ’ ಎನ್ನುತ್ತಿದ್ದೆವು. ಮೇ ಕೊನೆಯ ಪತ್ತನಾಜೆ ಕಳೆದರೆ ಮಳೆಯ ದಿನಗಳು. ಅದಕ್ಕೆ ಮೊದಲು ಎಲ್ಲ ಜಾತಿಯವರ ಮದುವೆಗಳೂ ಒಂದರ ಮೇಲೊಂದು. ಆ ಗಡಿಬಿಡಿ ಶುರುವಾಗುವ ಮುಂಚೆ ಕಾರನ್ನು ಮನೆಗೆ ತಂದು, ಚಕ್ರದ ಹಿಂದಿನ ಬ್ರೇಕ್ ಡ್ರಮ್ಮುಗಳನ್ನು ಕಳಚಿ, ತುಕ್ಕು ಉಜ್ಜಿ ಬೆಳ್ಳಿ ಬಣ್ಣ ಬಳಿಯುವುದು ನಮ್ಮಲ್ಲಿ ಕ್ರಮ. ಚಕ್ರದ ತೂತುಗಳಲ್ಲಿ ಅದು ಮಿನುಗಬೇಕು. ಮದುಮಗಳು ಕೂರುವ ಕಾರಲ್ಲವೇ.

ಐದನೆಯ ಕ್ಲಾಸಿನ ಆ ಬೇಸಿಗೆ ರಜೆಯಲ್ಲಿ ಅಂಗಳದ ತುಂಬ ವಾಸನೆಗಳು. ಬಣ್ಣದ್ದು, ಉದುರಿ ಕೊಳೆತ ಗೇರುಹಣ್ಣಿನದ್ದು, ಉಮ್ಮ ಕೆಂಡದಲ್ಲಿ ಸುಡುತ್ತಿದ್ದ ಹಲಸಿನ ಬೀಜದ್ದು. ನಾವು ಗೇರುಬೀಜಗಳನ್ನು ಸಾಲಾಗಿ ಇಟ್ಟು ಹೊಡೆಯುವ ಆಟ ಆಡುತ್ತಿದ್ದೆವು. ಇದ್ದ ಬೀಜವೆಲ್ಲ ಸೋತು ನಾನು ಕಾರಿನ ಹತ್ತಿರ ಹೋದೆ.

“ಎಂತ ಮೋನು, ದಿವಾಳಿಯಾ?” ಎಂದರು ಡ್ರೈವರಣ್ಣ. “ಬಾ, ಬ್ರಶ್ ಹಿಡಿ. ಹೊರಗೆ ಮಾತ್ರ ಬಳಿ. ಒಳಗೆ ಒಂದು ಹನಿ ತಾಗಬಾರದು. ಬ್ರೇಕ್ ಹಿಡಿಯುವುದು ಅಲ್ಲಿ.”

“ಗೊತ್ತುಂಟು.”

“ಗೊತ್ತುಂಟಂತೆ! ಹಾಗಾದ್ರೆ ನಾಳೆ ಸ್ಟೇರಿಂಗೂ ನಿನಗೇ ಕೊಡುವ.”

ಉಮ್ಮ ಪುಂಡಿ, ಮೀನುಸಾರು ಬಡಿಸಿ ಕರೆದರು. ಡ್ರೈವರಣ್ಣ ಕೈ ತೊಳೆದು ಜಗಲಿಗೆ ಹೋದರು. ಡಬ್ಬಿಯಲ್ಲಿ ಬಣ್ಣ ಉಳಿದಿತ್ತು. ಒಂದು ಡ್ರಮ್ಮನ್ನು ಮಗುಚಿ ನೋಡಿದೆ. ಹೊರಗೆ ಅಷ್ಟು ಚಂದ, ಒಳಗೆ ಬೋಳು. ಬಳಿದೆ. ಬಿಸಿಲಿಗೆ ಬೇಗ ಒಣಗಿತು. ಮೊದಲಿದ್ದ ಹಾಗೆ ಕವುಚಿ ಇಟ್ಟೆ. ಊಟ ಮುಗಿಯುವಾಗ ಮದುವೆ ಮನೆಯವರು ಬಂದಿದ್ದರು. “ಬೇಗ ಆಗಲಿ ಡ್ರೈವರೇ,” ಎಂದು ಉಪ್ಪ ಅವಸರ ಮಾಡಿದರು. ಡ್ರೈವರಣ್ಣ ಅದನ್ನು ಎತ್ತಿ ಹಾಗೇ ಕೂರಿಸಿದರು.

ಮರುದಿನ ಬಂಟ್ವಾಳಕ್ಕೆ ದಿಬ್ಬಣ. ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಕಾರು ಒಂದೇ ಬದಿಗೆ ಎಳೆದು ಚರಂಡಿಗೆ ಬಿತ್ತು. ಮದುಮಗಳಿಗೆ ಏನೂ ಆಗಲಿಲ್ಲ. ಅವಳ ಅಜ್ಜಿಯ ಕೈ ಮುರಿಯಿತು.

ಮೆಕ್ಯಾನಿಕ್ ಡ್ರಮ್ಮು ಬಿಚ್ಚಿ ಮನೆಗೇ ತಂದ. ಒಳಗೆ ಬಣ್ಣ ಸುಟ್ಟು ಅಂಟಿಕೊಂಡಿತ್ತು. ಉಪ್ಪ ನನ್ನ ಉಗುರುಗಳನ್ನು ನೋಡಿದರು.

“ಯಾರು ಬಳಿದದ್ದು ಇದು?”

“ನಾನು. ಒಳಗೂ ಬಳಿ ಅಂತ ಡ್ರೈವರಣ್ಣ ಹೇಳಿದ್ರು.”

ಡ್ರೈವರಣ್ಣ ಹಣೆಗೆ ಪಟ್ಟಿ ಕಟ್ಟಿಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದರು. “ನಾನು ಹೇಳಿದ್ದಾ ಮೋನು?”

“ಹೌದು.”

ಅವರು ಇನ್ನೊಮ್ಮೆ ಕೇಳಲಿಲ್ಲ.

“ಮಂಡೆ ಸಮ ಉಂಟಾ ನಿಮಗೆ?” ಉಪ್ಪನ ಧ್ವನಿ ಏರಿತು. “ಜನ ಸಾಯ್ತಿದ್ರಲ್ಲ!”

“ನಾನು ಹಾಗೆ ಹೇಳ್ಲಿಲ್ಲ ಬ್ಯಾರಿಗಳೇ.”

“ಮತ್ತೆ ಮಗು ಸುಳ್ಳು ಹೇಳ್ತದಾ? ಕೀ ಇಟ್ಟು ಹೋಗಿ.”

ಅವರು ಕೀಯನ್ನು ಜಗಲಿಯ ಮೇಲಿಟ್ಟು ಹೋದರು. ಮಧ್ಯಾಹ್ನ ನಾನು ಹೊಟ್ಟೆ ತುಂಬ ಉಂಡೆ. ಸಂಜೆ ಗೇರುಬೀಜದ ಆಟಕ್ಕೂ ಹೋದೆ. ಆ ದಿನ ಗೆದ್ದೆ.

ಸ್ಟ್ಯಾಂಡಿನಲ್ಲಿ ಮತ್ತೆ ಯಾವ ಮಾಲಕರೂ ಅವರ ಕೈಗೆ ಕಾರು ಕೊಡಲಿಲ್ಲ. ಬ್ರೇಕ್ ಡ್ರಮ್ಮಿನ ಒಳಗೆ ಬಣ್ಣ ಬಳಿಸಿದ ಡ್ರೈವರ್ ಎಂದು ತಮಾಷೆ ಮಾಡುತ್ತಿದ್ದರಂತೆ. ಅವರು ಹಂಚಿನ ಕಾರ್ಖಾನೆಯಲ್ಲಿ ಲಾರಿಗೆ ಹಂಚು ತುಂಬುವ ಕೆಲಸಕ್ಕೆ ಸೇರಿದರು.

ಮೀಸೆ ಮೂಡಿದ ಮೇಲೆ ಒಮ್ಮೆ ಬಂಟ್ವಾಳದ ಬಸ್ಸಿನಲ್ಲಿ ಅವರನ್ನು ಕಂಡೆ. ಅಂಗೈ ಹಂಚಿನ ಧೂಳಿನಿಂದ ಕೆಂಪಾಗಿತ್ತು. ನನ್ನನ್ನು ನೋಡಿ ಸ್ವಲ್ಪ ಸರಿದು, “ಕೂತ್ಕೊಳ್ಳಿ,” ಎಂದರು. ಬಹುವಚನದಲ್ಲಿ. ಕುಳಿತೆ. ಅವರು ಕಿಟಕಿಯ ಹೊರಗೆ ನೋಡಿದರು, ನಾನು ಮುಂದಿನ ಸೀಟಿನ ಕಂಬಿಯನ್ನು ನೋಡಿದೆ. ಬಸ್ಸು ಬಂಟ್ವಾಳ ಮುಟ್ಟಿತು. ಇಳಿದು ಹೋದೆ. ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಅಂಗಡಿಯಲ್ಲಿ ಯಾರೋ ಹೇಳಿದರು. ಸಕ್ಕರೆ ಕಟ್ಟಿಸಿಕೊಂಡು ಮನೆಗೆ ಬಂದೆ.

ಈಗ ಆ ಗೇರುಮರಗಳಿಲ್ಲ, ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದೇವೆ. ಇವೆಲ್ಲ ಹೋದದ್ದಕ್ಕೆ ಜನ ಮರುಗುತ್ತಾರೆ. ನನಗೆ ಮರುಕ ಬರುವುದಿಲ್ಲ. ಅಳುವೂ ಬರುವುದಿಲ್ಲ. ನಾನು ಕಳೆದುಕೊಂಡದ್ದು ನಿಜ ಹೇಳಬಹುದಾಗಿದ್ದ ಅರ್ಧ ಗಂಟೆಯ ಒಂದು ಬಸ್ ಪ್ರಯಾಣ. ಪಕ್ಕದಲ್ಲಿ ಭುಜ ತಾಗುವಷ್ಟು ಹತ್ತಿರ ಕುಳಿತಿದ್ದವರು ಬರೀ ಡ್ರೈವರಣ್ಣ ಅಲ್ಲ, ಪುತ್ತಿಗೆಯ ಐತಪ್ಪಣ್ಣ.